ಕ್ಯಾಶ್ ಪ್ರೈಜ್ ಇಲ್ಲ ಅಂದ್ರೆ ಇಸ್ಪೀಟ್ ಟೂರ್ನಮೆಂಟ್‌ಗೆ ಜನ ಬರ್ತಾರಾ? ಬಹುಮಾನಕ್ಕಿಂತ ಬಸ್ ಚಾರ್ಜೇ ದೊಡ್ಡ ಪ್ರಶ್ನೆ

ಯುಗಾದಿ ಹತ್ತಿರ ಬಂತು ಅಂದ್ರೆ ಹಳೇ ಮೈಸೂರು ಸೀಮೆಯ ಊರುಗಳಲ್ಲಿ ಎರಡು ಸುದ್ದಿ ಗ್ಯಾರಂಟಿ. ಒಂದು, ಹೊಸತೊಡಕಿನ ಮಾಂಸದ ರೇಟು. ಇನ್ನೊಂದು, ತೋಪಿನಲ್ಲೋ ಕೆರೆ ಏರಿ ಮೇಲೋ ಇಸ್ಪೀಟ್ ಆಡ್ತಿದ್ದವರ ಮೇಲೆ ಪೊಲೀಸರ ದಾಳಿ. ಖಚಿತ ಮಾಹಿತಿ, ದಾಳಿ, ಪಣಕ್ಕಿಟ್ಟಿದ್ದ ನಗದು ವಶ. ಇಷ್ಟು ಓದಿದ್ರೆ ಉಳಿದ ಸುದ್ದಿ ಓದೋದೇ ಬೇಡ, ಪ್ರತಿ ವರ್ಷ ಅದೇ.

ಈಗ ಅದಕ್ಕೆ ಇನ್ನೊಂದು ಕಥೆ ಸೇರಿಕೊಂಡಿದೆ. ತೋಪಿಗೆ ಹೋಗದೆ, ಕ್ಲಬ್ ಮೆಟ್ಟಿಲೂ ಹತ್ತದೆ, ಅಂಗಡಿ ಗಲ್ಲಾ ಹಿಂದೆ ಕೂತೇ ಮೊಬೈಲ್‌ನಲ್ಲಿ ರಮ್ಮಿ ಆಡೋದು ಕಲಿತಿದ್ದ ಒಂದು ತಲೆಮಾರು ಇದೆ. 2025ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರದ ಆನ್‌ಲೈನ್ ಗೇಮಿಂಗ್ ಕಾಯ್ದೆ ಬಂದ ಮೇಲೆ ಆ ಆ್ಯಪ್‌ಗಳ ದುಡ್ಡಿನ ಆಟ ನಿಂತಿತು. ಆಟ ಇದೆ, ದುಡ್ಡಿಲ್ಲ. ಹಾಗಾದ್ರೆ ಆಡೋರು ಎಲ್ಲಿ ಹೋದ್ರು?

ಇದರ ಹಿಂದೆಯೇ ಬರೋ ಪ್ರಶ್ನೆ ಒಂದಿದೆ. ನಗದು ಬಹುಮಾನ ಇಲ್ಲದೆ, ಬರೀ ಮುಂದಿನ ಹಂತಕ್ಕೆ ಆಯ್ಕೆ ಅಂತ ಹೇಳಿ ಕಾರ್ಡ್ಸ್ ಟೂರ್ನಮೆಂಟ್ ಇಟ್ರೆ ಆಟಗಾರರು ಹೆಸರು ಕೊಡ್ತಾರಾ? ಚೆಸ್‌ಗೆ, ಕಬಡ್ಡಿಗೆ ಕೊಡ್ತಾರೆ. ಇಸ್ಪೀಟ್‌ಗೆ? ದುಡ್ಡಿಲ್ಲದ ಇಸ್ಪೀಟ್ ಉಪ್ಪಿಲ್ಲದ ಸಾರು ಅನ್ನೋರೇ ಊರಲ್ಲಿ ಜಾಸ್ತಿ. ಆದ್ರೆ ಜಗತ್ತಿನ ಉದಾಹರಣೆ ನೋಡಿದ್ರೆ ಉತ್ತರ ಅಷ್ಟು ಸಲೀಸಿಲ್ಲ.

ಆಗಸ್ಟ್ 2025ರಲ್ಲಿ ಆಗಿದ್ದೇನು?

ಆಗಸ್ಟ್ 20ಕ್ಕೆ ಲೋಕಸಭೆ, 21ಕ್ಕೆ ರಾಜ್ಯಸಭೆ, 22ಕ್ಕೆ ರಾಷ್ಟ್ರಪತಿ ಅಂಕಿತ. ಮೂರೇ ದಿನದಲ್ಲಿ ಕಾಯ್ದೆ ಆಯ್ತು. ಹಣ ಕಟ್ಟಿ ಹಣ ಗೆಲ್ಲೋ ಆನ್‌ಲೈನ್ ಆಟ ಅದೃಷ್ಟದ್ದಾಗಲಿ, ಬುದ್ಧಿಯದ್ದಾಗಲಿ, ನಡೆಸುವಂತಿಲ್ಲ. ನಡೆಸಿದವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂ.ವರೆಗೆ ದಂಡ ಅಥವಾ ಎರಡೂ. ಜಾಹೀರಾತು ಕೊಟ್ಟವರಿಗೆ 2 ವರ್ಷದವರೆಗೆ ಜೈಲು, 50 ಲಕ್ಷ ರೂ.ವರೆಗೆ ದಂಡ. ಆಡಿದವರಿಗೆ ಶಿಕ್ಷೆ ಇಲ್ಲ, ಅವರನ್ನು ಸಂತ್ರಸ್ತರು ಅಂತ ನೋಡ್ತೀವಿ ಅಂತ ಸರ್ಕಾರ ಹೇಳಿತು. ವರ್ಷಕ್ಕೆ ಸುಮಾರು 45 ಕೋಟಿ ಜನ ಸೇರಿ 20,000 ಕೋಟಿ ರೂ. ಕಳೆದುಕೊಳ್ತಿದ್ದಾರೆ ಅನ್ನೋದು ಆಗ ಸರ್ಕಾರ ಕೊಟ್ಟ ಅಂದಾಜು.

ಡ್ರೀಮ್ ಇಲೆವೆನ್, ಎಂಪಿಎಲ್, ರಮ್ಮಿ ಸರ್ಕಲ್ ತರದವು ಕೆಲವೇ ದಿನದಲ್ಲಿ ದುಡ್ಡಿನ ಆಟ ನಿಲ್ಲಿಸಿದವು. ಕ್ರಿಕೆಟ್ ತಂಡದ ಜೆರ್ಸಿ ಮೇಲಿಂದಲೂ ಡ್ರೀಮ್ ಇಲೆವೆನ್ ಹೆಸರು ಹೋಯ್ತು. ಎಂಪಿಎಲ್ ಭಾರತದಲ್ಲಿರೋ ಸಿಬ್ಬಂದಿಯಲ್ಲಿ ಶೇ 60ರಷ್ಟು ಜನರನ್ನು ಕಡಿಮೆ ಮಾಡ್ತಿದೆ ಅಂತ ಆಗಲೇ ವರದಿಯಾಯ್ತು. ಎ23 ರಮ್ಮಿ ನಡೆಸೋ ಕಂಪನಿ ಕರ್ನಾಟಕ ಹೈಕೋರ್ಟ್ ಮೆಟ್ಟಿಲೇರಿತು. ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಬೇರೆ ಬೇರೆ ಹೈಕೋರ್ಟ್‌ಗಳಲ್ಲಿದ್ದ ಅರ್ಜಿಗಳನ್ನೆಲ್ಲ ತನ್ನ ಬಳಿಗೆ ತರಿಸಿಕೊಂಡಿತು.

ಇಲ್ಲಿ ಒಂದು ಮಾತು ಗಮನಿಸಬೇಕು. ಜನ ಆಟಕ್ಕೆ ಬರ್ತಿದ್ದಾರೋ ದುಡ್ಡಿಗೆ ಬರ್ತಿದ್ದಾರೋ ಅನ್ನೋದು ಆ ಕಂಪನಿಗಳಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಆಟಕ್ಕೇ ಬರ್ತಿದ್ರೆ ಫ್ರೀ ಆಟ ಇಟ್ಟು ಚಂದಾ ತಗೊಂಡೇ ವ್ಯಾಪಾರ ಮುಂದುವರಿಸಬಹುದಿತ್ತು, ಕಾಯ್ದೆಯಲ್ಲಿ ಅದಕ್ಕೆ ಅವಕಾಶ ಇದೆ. ಅಷ್ಟು ಬೇಗ ಸಿಬ್ಬಂದಿ ಕಡಿತಕ್ಕೆ ಇಳಿದದ್ದೇ ಒಂದು ಉತ್ತರ.

ನಗದಿಲ್ಲದೆ ಆಡಿ ಚಿನ್ನ ತಂದವರು

ಆದ್ರೆ ಅದು ಪೂರ್ತಿ ಉತ್ತರ ಅಲ್ಲ. 2018ರ ಜಕಾರ್ತ ಏಷ್ಯನ್ ಗೇಮ್ಸ್ ನೆನಪಿಸಿಕೊಳ್ಳಿ. ಆ ವರ್ಷ ಭಾರತಕ್ಕೆ ಬಂದ ಚಿನ್ನದ ಪದಕಗಳಲ್ಲಿ ಒಂದು ಇಸ್ಪೀಟ್ ಎಲೆಗಳಿಂದ ಬಂದದ್ದು. ಬ್ರಿಡ್ಜ್ ಆಟದ ಪುರುಷರ ಜೋಡಿ ವಿಭಾಗದಲ್ಲಿ 60 ವರ್ಷದ ಪ್ರಣಬ್ ಬರ್ಧನ್ ಮತ್ತು 56 ವರ್ಷದ ಶಿಬ್‌ನಾಥ್ ಸರ್ಕಾರ್ ಗೆದ್ರು. ಪುರುಷರ ತಂಡಕ್ಕೂ ಮಿಶ್ರ ತಂಡಕ್ಕೂ ಕಂಚು ಬಂತು. ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ, ಅಂದ್ರೆ 2023ರಲ್ಲಿ, ಪುರುಷರ ತಂಡ ಫೈನಲ್‌ನಲ್ಲಿ ಹಾಂಗ್‌ಕಾಂಗ್ ಎದುರು ಸೋತು ಬೆಳ್ಳಿ ತಂತು.

ಬ್ರಿಡ್ಜ್ ಅನ್ನೋದು ಎರಡೆರಡು ಜನರ ಜೋಡಿ ಆಡೋ ಆಟ. ನಮ್ಮ ಮಲೆನಾಡು, ಕರಾವಳಿ, ಕೊಡಗಿನ ಕಡೆ ಆಡೋ ಇಪ್ಪತ್ತೆಂಟು ಗೊತ್ತಿದ್ದವರಿಗೆ ಅದರ ಕೂಗು, ತುರುಪು ಬೇಗ ಅರ್ಥ ಆಗುತ್ತೆ. ವ್ಯತ್ಯಾಸ ಇರೋದು ಟೂರ್ನಮೆಂಟ್ ನಡೆಸೋ ರೀತಿಯಲ್ಲಿ. ಒಂದು ಟೇಬಲ್‌ನಲ್ಲಿ ಹಂಚಿದ ಎಲೆಗಳನ್ನು ಹಾಗೇ ಒಂದು ಹಲಗೆಯಲ್ಲಿ ಇಟ್ಟು ಮುಂದಿನ ಟೇಬಲ್‌ಗೆ ಕಳಿಸ್ತಾರೆ. ಅದೇ ಎಲೆ, ಬೇರೆ ಆಟಗಾರರು. ಕೊನೆಗೆ, ಅದೇ ಎಲೆ ಹಿಡಿದ ಉಳಿದವರಿಗಿಂತ ಚೆನ್ನಾಗಿ ಆಡಿದ್ದು ಯಾರು ಅಂತ ಲೆಕ್ಕ ಹಾಕ್ತಾರೆ. ಒಳ್ಳೇ ಎಲೆ ಬೀಳಲಿಲ್ಲ ಅನ್ನೋ ನೆಪಕ್ಕೆ ಅಲ್ಲಿ ಜಾಗ ಇಲ್ಲ.

ಬ್ರಿಡ್ಜ್‌ನ ವಿಶ್ವ ತಂಡ ಚಾಂಪಿಯನ್‌ಶಿಪ್ ಆದ ಬರ್ಮುಡಾ ಬೌಲ್ 1950ರಿಂದ ನಡೀತಿದೆ. ಅದಕ್ಕಾಗಿ ಆಡೋದು ಕಪ್‌ಗೆ, ದೇಶದ ಹೆಸರಿಗೆ. ಆಯ್ಕೆ ಸುತ್ತಿಗೆ ಬರೋರು ಸಾವಿರಾರು ರೂಪಾಯಿ ಕೈಯಿಂದಲೇ ಹಾಕಿ ಬರ್ತಾರೆ. ಅಂದ ಮೇಲೆ ಕಾರ್ಡ್ಸ್ ಅಂದ್ರೆ ದುಡ್ಡೇ ಇರಬೇಕು ಅನ್ನೋ ಮಾತು ಬ್ರಿಡ್ಜ್ ಮಟ್ಟಿಗೆ 75 ವರ್ಷದಿಂದ ಸುಳ್ಳಾಗಿದೆ.

ಅಂಗಡಿಯಲ್ಲೇ ಅರ್ಹತಾ ಸುತ್ತು

ಇನ್ನೊಂದು ಉದಾಹರಣೆ ಅಮೆರಿಕದ್ದು, ಅಂಗಡಿಯವರಿಗೆ ಇದು ಹೆಚ್ಚು ಹತ್ತಿರ. 1993ರಲ್ಲಿ ರಿಚರ್ಡ್ ಗಾರ್‌ಫೀಲ್ಡ್ ಅನ್ನೋ ಗಣಿತಜ್ಞ ಮ್ಯಾಜಿಕ್: ದ ಗ್ಯಾದರಿಂಗ್ ಅನ್ನೋ ಆಟ ಮಾಡಿದ್ರು. ಇದು ನಮ್ಮ 52 ಎಲೆಯ ಕಟ್ಟಲ್ಲ. ಸಾವಿರಾರು ಬಗೆಯ ಚಿತ್ರದ ಕಾರ್ಡ್‌ಗಳಲ್ಲಿ ಬೇಕಾದ್ದನ್ನು ಕೊಂಡು ತಮ್ಮ ಕಟ್ಟನ್ನು ತಾವೇ ಜೋಡಿಸಿಕೊಂಡು ಆಡೋದು. 1996ರಲ್ಲಿ ಪ್ರೊ ಟೂರ್ ಅಂತ ವೃತ್ತಿಪರ ಟೂರ್ನಿ ಶುರುವಾಯ್ತು. ಅಲ್ಲಿ ಕೈತುಂಬ ದುಡ್ಡಿತ್ತು. ಆದ್ರೆ ಅಲ್ಲಿಗೆ ಹೋಗೋಕೆ ಊರೂರಲ್ಲಿ ನಡೆಯೋ ಅರ್ಹತಾ ಟೂರ್ನಿ ಗೆಲ್ಲಬೇಕಿತ್ತು.

ಆ ಅರ್ಹತಾ ಟೂರ್ನಿಯ ದೊಡ್ಡ ಬಹುಮಾನ ನಗದಲ್ಲ. ಗೆದ್ದ ಒಬ್ಬರಿಗೆ ಪ್ರೊ ಟೂರ್‌ಗೆ ಆಹ್ವಾನ, ಜೊತೆಗೆ ಹೋಗೋ ಖರ್ಚಿಗೆ ನೆರವು. ಉಳಿದವರಲ್ಲಿ ಮೇಲಿನ ಸ್ಥಾನದವರಿಗೆ ಕೆಲವು ಕಾರ್ಡ್ ಪ್ಯಾಕೆಟ್. ಬೆಳಿಗ್ಗೆಯಿಂದ ರಾತ್ರಿವರೆಗೆ ಆಡಿ, ನೂರಕ್ಕೂ ಹೆಚ್ಚು ಜನರಲ್ಲಿ ಒಬ್ಬರಿಗೆ ಮಾತ್ರ ಸಿಗೋ ಆಹ್ವಾನಕ್ಕೆ ಜನ ಪ್ರವೇಶ ಶುಲ್ಕ ಕಟ್ಟಿ, ಪಕ್ಕದ ರಾಜ್ಯಕ್ಕೆ ಗಾಡಿ ಓಡಿಸಿಕೊಂಡು ಹೋಗ್ತಿದ್ರು. ಸುಮಾರು 2015ರ ಹೊತ್ತಿಗೆ ಕಂಪನಿ ಮೊದಲ ಹಂತದ ಅರ್ಹತಾ ಸುತ್ತನ್ನು ಚಿಕ್ಕ ಚಿಕ್ಕ ಅಂಗಡಿಗಳಿಗೇ ಕೊಟ್ಟಿತು. ಅಲ್ಲಿಗೂ ಜನ ಬಂದ್ರು. 2000ನೇ ಇಸವಿಯಿಂದ ಪ್ರತಿ ಶುಕ್ರವಾರ ಸಂಜೆ ಅಂಗಡಿಗಳಲ್ಲಿ ನಡೆಯೋ ಆಟದಲ್ಲೂ ಸಿಗ್ತಿದ್ದದ್ದು ಒಂದೆರಡು ವಿಶೇಷ ಕಾರ್ಡ್ ಅಷ್ಟೇ.

ಜಪಾನ್ ಮೂಲದ ಯು-ಗಿ-ಓಹ್ ಇನ್ನೂ ಒಂದು ಹೆಜ್ಜೆ ಮುಂದೆ. ಅದರ ದೊಡ್ಡ ಟೂರ್ನಿಗಳಲ್ಲೂ ನಗದು ಕೊಡೋ ಪದ್ಧತಿ ಇಲ್ಲ. ಗೆದ್ದವರಿಗೆ ಅಪರೂಪದ ಕಾರ್ಡ್, ಪ್ರಯಾಣ, ವಿಶ್ವ ಚಾಂಪಿಯನ್ ಪಟ್ಟ. ಅಲ್ಲೂ ಕ್ಯೂ ಇದೆ. ಆ ಅಪರೂಪದ ಕಾರ್ಡನ್ನು ಮಾರಿದ್ರೆ ಒಳ್ಳೇ ದುಡ್ಡು ಬರುತ್ತೆ ಅನ್ನೋದು ಬೇರೆ ಮಾತು.

ಮೂರೂ ಕಡೆ ಸಮಾನವಾಗಿರೋದು ಒಂದೇ. ಗೆದ್ದವನಿಗೆ ಮುಂದಿನ ಮೆಟ್ಟಿಲು ಕಣ್ಣಿಗೆ ಕಾಣುತ್ತೆ. ನಮ್ಮ ದಸರಾ ಕ್ರೀಡಾಕೂಟ ನಡೆಯೋದೂ ಹೀಗೇ ಅಲ್ವಾ? ತಾಲೂಕಿನಲ್ಲಿ ಗೆದ್ದವರು ಜಿಲ್ಲೆಗೆ, ಜಿಲ್ಲೆಯಿಂದ ವಿಭಾಗಕ್ಕೆ, ಅಲ್ಲಿಂದ ಮೈಸೂರಿಗೆ. ತಾಲೂಕು ಮೈದಾನದಲ್ಲಿ ಬರಿಗಾಲಲ್ಲಿ ಓಡೋ ಹುಡುಗಿ ಆ ದಿನದ ಬಹುಮಾನಕ್ಕೆ ಓಡಲ್ಲ, ಮೈಸೂರಿಗೆ ಹೋಗಬೇಕು ಅಂತ ಓಡ್ತಾಳೆ.

ರಮ್ಮಿ ಕಥೆಯೇ ಬೇರೆ

ಈಗ ನಮ್ಮ ತಾಲೂಕುಗಳಿಗೆ ಬನ್ನಿ. ಇಲ್ಲಿ ಬ್ರಿಡ್ಜ್ ಆಡೋರನ್ನು ಹುಡುಕಬೇಕು. ಆಡೋದು ರಮ್ಮಿ, ಅಂದರ್ ಬಾಹರ್, ಮೂರೆಲೆ. ಇದರಲ್ಲಿ ಅಂದರ್ ಬಾಹರ್‌ಗೂ ಮೂರೆಲೆಗೂ ಅರ್ಹತಾ ಟೂರ್ನಿ ಅನ್ನೋ ಮಾತೇ ಬರಲ್ಲ. ಎಲೆ ಒಳಗೆ ಬೀಳುತ್ತೋ ಹೊರಗೆ ಬೀಳುತ್ತೋ ಅನ್ನೋದರಲ್ಲಿ ಯಾರೂ ಚಾಂಪಿಯನ್ ಆಗೋಕಾಗಲ್ಲ. ದುಡ್ಡು ತೆಗೆದ್ರೆ ಆ ಆಟದಲ್ಲಿ ಏನೂ ಉಳಿಯಲ್ಲ.

ಉಳಿದದ್ದು ರಮ್ಮಿ. ಇದರಲ್ಲಿ ಬುದ್ಧಿ ಇದೆ. ಯಾವ ಎಲೆ ಬಿತ್ತು, ಎದುರಿನವರು ಏನು ಎತ್ತಿದ್ರು, ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಅನ್ನೋ ಲೆಕ್ಕ ಬೇಕು. 1968ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದನ್ನೇ.

ಆದ್ರೆ ರಮ್ಮಿಗೆ ಒಂದು ತೊಂದರೆ ಇದೆ, ಆಡಿದವರಿಗೆಲ್ಲ ಗೊತ್ತು. 13 ಎಲೆಯ ರಮ್ಮಿಯಲ್ಲಿ ಕೈ ಚೆನ್ನಾಗಿಲ್ಲ ಅಂದ್ರೆ ಮೊದಲೇ ಡ್ರಾಪ್ ಮಾಡಿದ್ರೆ 20 ಪಾಯಿಂಟ್, ನಡುವೆ ಬಿಟ್ರೆ 40, ಪೂರ್ತಿ ಸಿಕ್ಕಿಹಾಕಿಕೊಂಡ್ರೆ 80. ಯಾವಾಗ ಬಿಡಬೇಕು ಅನ್ನೋದೇ ಅರ್ಧ ಆಟ. ದುಡ್ಡಿಲ್ಲದೆ ಸುಮ್ಮನೆ ಆಡೋವಾಗ ಯಾರೂ ಡ್ರಾಪ್ ಮಾಡಲ್ಲ. ಕೆಟ್ಟ ಕೈ ಇದ್ರೂ ನೋಡೋಣ ಅಂತ ಕೂರ್ತಾರೆ. ಅಲ್ಲಿಗೆ ಆಟ ಕೆಡುತ್ತೆ. ಇದಕ್ಕೇ ಹಳೇ ಆಟಗಾರರು ದುಡ್ಡಿಲ್ಲದ ರಮ್ಮಿಗೆ ಮೂಗು ಮುರಿಯೋದು. ಅವರ ಮಾತನ್ನು ಬರೀ ಚಟ ಅಂತ ತಳ್ಳಿಹಾಕೋಕಾಗಲ್ಲ.

ಇದಕ್ಕೆ ದಾರಿ ಇಲ್ವಾ? ಇದೆ. ಪಾಯಿಂಟ್‌ಗೇ ಬೆಲೆ ಬಂದ್ರೆ ಸಾಕು. ಒಂದೇ ಕೈಯಲ್ಲಿ ಸೋಲು-ಗೆಲುವು ತೀರ್ಮಾನ ಮಾಡದೆ, ದಿನವಿಡೀ ಹತ್ತಾರು ಕೈ ಆಡಿಸಿ, ಟೇಬಲ್ ಬದಲಾಯಿಸ್ತಾ ಹೋಗಿ, ಕೊನೆಗೆ ಅತಿ ಕಡಿಮೆ ಪಾಯಿಂಟ್ ಇದ್ದವರನ್ನು ಮುಂದಿನ ಹಂತಕ್ಕೆ ಕಳಿಸಿದ್ರೆ, 20ಕ್ಕೆ ಬಿಡೋದಾ 80ರ ಅಪಾಯ ತಗೊಳ್ಳೋದಾ ಅನ್ನೋ ತಲೆಬಿಸಿ ವಾಪಸ್ ಬರುತ್ತೆ. ಒಂದು ಕೈಯಲ್ಲಿ ಅದೃಷ್ಟ ಆಟ ಆಡುತ್ತೆ, ಐವತ್ತು ಕೈಯಲ್ಲಿ ಅದರ ಆಟ ಅಷ್ಟಾಗಿ ನಡೆಯಲ್ಲ.

ಕೇರಳದಲ್ಲಿ ಇಪ್ಪತ್ತೆಂಟು, ಐವತ್ತಾರು ಆಡೋವಾಗ ಸೋತವರ ಕಿವಿಗೆ ಕುಣುಕ್ಕು ಅಂತ ಏನಾದ್ರೂ ನೇತುಹಾಕೋ ರೂಢಿ ಇದೆ. ಅದನ್ನು ಇಳಿಸಿಕೊಳ್ಳೋಕೆ ಮತ್ತೆ ಗೆಲ್ಲಬೇಕು. ಒಂದು ರೂಪಾಯಿ ಇಲ್ಲದೆಯೂ ಆ ಟೇಬಲ್‌ನಲ್ಲಿ ಬೆವರು ಇಳಿಯುತ್ತೆ. ನಮ್ಮ ಮಕ್ಕಳ ಕತ್ತೆ ಆಟದಲ್ಲೂ ಅದೇ, ಕತ್ತೆ ಅನ್ನಿಸಿಕೊಳ್ಳಬಾರದು ಅಂತ ಅಷ್ಟೊಂದು ಜಗಳ. ಮರ್ಯಾದೆಯೂ ಒಂದು ಪಣವೇ.

ಆದ್ರೆ ರಮ್ಮಿಗೆ ಇಲ್ಲದಿರೋದು ಮುಂದಿನ ಮೆಟ್ಟಿಲು. ಬ್ರಿಡ್ಜ್‌ಗೆ ಏಷ್ಯನ್ ಗೇಮ್ಸ್ ಇತ್ತು, ಮ್ಯಾಜಿಕ್‌ಗೆ ಪ್ರೊ ಟೂರ್. ತಾಲೂಕಿನಲ್ಲಿ ರಮ್ಮಿ ಗೆದ್ದವನು ಎಲ್ಲಿಗೆ ಹೋಗ್ತಾನೆ? ಅದಕ್ಕೆ ಉತ್ತರ ಇಲ್ಲದೆ ಅರ್ಹತಾ ಟೂರ್ನಿ ಅಂತ ಬ್ಯಾನರ್ ಕಟ್ಟಿದ್ರೆ ಒಂದು ಸಲ ಜನ ಬರಬಹುದು, ಎರಡನೇ ಸಲ ಬರಲ್ಲ.

ಬಹುಮಾನ ಇಲ್ಲ, ಆದ್ರೆ ಖರ್ಚು ಇದೆ

ಇಡೀ ಚರ್ಚೆಯಲ್ಲಿ ಜನ ಮರೆಯೋ ವಿಷಯ ಇದು. ನಗದು ಬಹುಮಾನ ಇಲ್ಲ ಅಂದ ಮಾತ್ರಕ್ಕೆ ಆಟ ಪುಕ್ಕಟೆ ಆಗಲ್ಲ. ಭಾನುವಾರ ಟೂರ್ನಮೆಂಟ್ ಅಂದ್ರೆ ಗಾರೆ ಕೆಲಸದವರಿಗೆ ಒಂದು ದಿನದ ಕೂಲಿ ಹೋಯ್ತು. ಚಿಕ್ಕ ಅಂಗಡಿಯವರಿಗೆ ಶಟರ್ ಎಳೆದ್ರೆ ಆ ದಿನದ ವ್ಯಾಪಾರ ಹೋಯ್ತು. ಜಿಲ್ಲಾ ಮಟ್ಟಕ್ಕೆ ಹೋದ್ರೆ ಬಸ್ಸು, ಊಟ. ರಾಜ್ಯ ಮಟ್ಟ ಅಂದ್ರೆ ಲಾಡ್ಜು.

ಹೀಗಾಗಿ ಬಹುಮಾನವೂ ಇಲ್ಲ, ಖರ್ಚೂ ಕೊಡಲ್ಲ ಅಂದ್ರೆ ಬರೋದು ಯಾರು? ಪೆನ್ಶನ್ ಬರೋರು, ತೋಟದ ಆದಾಯ ಇರೋರು, ರಜೆ ಹಾಕಿದ್ರೂ ಸಂಬಳ ಬರೋರು. ಉಳಿದವರಿಗೆ ಬುದ್ಧಿ ಇದ್ರೂ ಟೇಬಲ್ ಸಿಗಲ್ಲ. ಬ್ರಿಡ್ಜ್ ದೊಡ್ಡ ಊರಿನ, ದೊಡ್ಡ ಕ್ಲಬ್ಬಿನ ಆಟವಾಗಿಯೇ ಉಳಿದಿದ್ದಕ್ಕೆ ಇದೂ ಒಂದು ಕಾರಣ. ಮ್ಯಾಜಿಕ್ ಕಂಪನಿ ಗೆದ್ದವರಿಗೆ ಪ್ರಯಾಣದ ನೆರವು ಕೊಟ್ಟದ್ದು ಔದಾರ್ಯಕ್ಕಲ್ಲ. ಅದು ಇಲ್ಲದೆ ಕಾಲೇಜು ಹುಡುಗರು ಬರಲ್ಲ ಅನ್ನೋದು ಅವರಿಗೆ ಗೊತ್ತಿತ್ತು.

ಇದರಲ್ಲಿ ಇನ್ನೊಂದು ಮುಖ ಇದೆ. ನಮ್ಮ ಕಡೆ ಕಾರ್ಡ್ಸ್ ರೂಮು ಅಂದ್ರೆ ಗಂಡಸರ ಜಾಗ. ದುಡ್ಡು, ಹೊಗೆ, ಎಣ್ಣೆ ಇರೋ ಕಡೆ ಹೆಣ್ಣುಮಕ್ಕಳು ಕಾಲಿಡಲ್ಲ. ಮನೆಯಲ್ಲಿ ಹಬ್ಬದ ದಿನ ಎಲ್ಲರನ್ನೂ ಸೋಲಿಸೋ ಅತ್ತೆ, ಅಜ್ಜಿ ಪ್ರತಿ ಮನೆಯಲ್ಲೂ ಇದ್ದಾರೆ. ಜಕಾರ್ತದಲ್ಲಿ ಕಂಚು ಗೆದ್ದ ಮಿಶ್ರ ತಂಡದಲ್ಲಿ ಕಿರಣ್ ನಾಡಾರ್ ಇದ್ರು. ನಗದು ಇಲ್ಲದ ಟೂರ್ನಿ ಹಗಲು ಹೊತ್ತು, ಶಾಲೆಯಲ್ಲೋ ಸಮುದಾಯ ಭವನದಲ್ಲೋ ನಡೆದ್ರೆ ಈ ಮಂದಿ ಬರೋ ಸಾಧ್ಯತೆ ಜಾಸ್ತಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ ಚಾರ್ಜೂ ಇಲ್ಲ. ನಗದು ತೆಗೆದ್ರೆ ಒಂದಿಷ್ಟು ಜನ ಹೋಗ್ತಾರೆ ನಿಜ, ನಗದು ಇದೆ ಅಂತಲೇ ಇಷ್ಟು ದಿನ ಬಾರದವರೂ ಇದ್ದಾರೆ.

ಕಾನೂನು ಏನನ್ನುತ್ತೆ?

ಟೂರ್ನಮೆಂಟ್ ಇಡೋ ಉತ್ಸಾಹ ಬಂದವರು ಇದನ್ನು ಮೊದಲು ನೋಡಬೇಕು. ಕೇಂದ್ರದ 2025ರ ಕಾಯ್ದೆ ಆನ್‌ಲೈನ್ ಆಟಕ್ಕೆ ಸಂಬಂಧಿಸಿದ್ದು. ಎದುರು ಬದುರು ಕೂತು ಆಡೋದಕ್ಕೆ ಅನ್ವಯಿಸೋದು 1963ರ ಕರ್ನಾಟಕ ಪೊಲೀಸ್ ಕಾಯ್ದೆ. ದಾಳಿ ಸುದ್ದಿಯಲ್ಲಿ ಬರೋ ಕಲಂ 79, 80, 87 ಇದರದ್ದೇ. ಜೂಜಿನ ಅಡ್ಡೆ ನಡೆಸೋದು, ಅಲ್ಲಿ ಆಡೋದು, ಸಾರ್ವಜನಿಕ ಜಾಗದಲ್ಲಿ ಜೂಜಾಡೋದು ಅಪರಾಧ. ಶುದ್ಧ ಕೌಶಲದ ಆಟಕ್ಕೆ 79, 80 ಅನ್ವಯಿಸಲ್ಲ ಅಂತ ಕಲಂ 176 ಹೇಳುತ್ತೆ.

2021ರ ಅಕ್ಟೋಬರ್‌ನಲ್ಲಿ ರಾಜ್ಯ ಸರ್ಕಾರ ಈ ಕಾಯ್ದೆಗೆ ತಿದ್ದುಪಡಿ ತಂದು ಆನ್‌ಲೈನ್ ಆಟಕ್ಕೆ ಬೀಗ ಹಾಕೋಕೆ ನೋಡಿತು. 2022ರ ಫೆಬ್ರವರಿ 14ರಂದು ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದು ಮಾಡಿತು. 1968ರ ತೀರ್ಪಿನಲ್ಲೂ ಒಂದು ಎಚ್ಚರಿಕೆ ಇದೆ. ಕ್ಲಬ್ಬು ಜಾಗಕ್ಕೆ, ಎಲೆಗೆ, ಸೇವೆಗೆ ಚಾರ್ಜ್ ಮಾಡಬಹುದು. ಆದ್ರೆ ಆಟದ ದುಡ್ಡಿನಲ್ಲೇ ಕ್ಲಬ್ಬಿನವರು ಲಾಭ ಮಾಡ್ತಿದ್ರೆ ಅದು ಅಪರಾಧ ಆಗಬಹುದು.

ಹಾಗಾಗಿ ಎಂಟ್ರಿ ಫೀಸ್ ಒಟ್ಟು ಮಾಡಿ ಅದನ್ನೇ ಗೆದ್ದವರಿಗೆ ಹಂಚೋದು ತೊಂದರೆಗೆ ದಾರಿ. ಮೊಬೈಲ್‌ನಲ್ಲಿ ಟೂರ್ನಮೆಂಟ್ ಇಡೋದಾದ್ರೆ ಇನ್ನೂ ಹುಷಾರಾಗಿರಬೇಕು. ನಗದು ಬಿಟ್ಟು ಟಿವಿ, ಬೈಕು ಕೊಡ್ತೀವಿ ಅಂದ್ರೂ, ಆಡೋಕೆ ಹಣ ಕಟ್ಟಿಸಿಕೊಂಡ್ರೆ ಕಾಯ್ದೆ ಅದನ್ನೂ ಹಣದ ಆಟ ಅಂತ ನೋಡೋ ಸಾಧ್ಯತೆ ಇದೆ. ಊಟ-ಕಾಫಿಯ ಖರ್ಚಿಗಷ್ಟೇ ಫೀಸ್, ಪ್ರಾಯೋಜಕರು ಕೊಟ್ಟ ಟ್ರೋಫಿ, ಮೊದಲೇ ಠಾಣೆಗೆ ಲಿಖಿತ ಮಾಹಿತಿ, ವಕೀಲರೊಬ್ಬರ ಸಲಹೆ. ಇಷ್ಟು ಇಲ್ಲದೆ ಮುಂದೆ ಹೋಗೋದು ಜಾಣತನ ಅಲ್ಲ.

ಇನ್ನೊಂದು ಅಪಾಯ ಎಲ್ಲರಿಗೂ ಗೊತ್ತಿದ್ದದ್ದೇ. ಟೆನಿಸ್ ಬಾಲ್ ಕ್ರಿಕೆಟ್‌ನಲ್ಲಿ ಆಗೋ ಹಾಗೆ, ಒಳಗೆ ಟ್ರೋಫಿ, ಹೊರಗೆ ಬೆಟ್ಟಿಂಗ್ ಶುರುವಾದ್ರೆ ನಗದಿಲ್ಲದ ಟೂರ್ನಿ ಅನ್ನೋದು ಬೋರ್ಡ್‌ಗಷ್ಟೇ ಉಳಿಯುತ್ತೆ.

ಅಂಗಡಿಯವರಿಗೆ ಏನು ಸಿಗುತ್ತೆ?

ಅಮೆರಿಕದ ಅಂಗಡಿಯವರು ಟೂರ್ನಮೆಂಟ್ ಇಡೋದಕ್ಕೆ ಕಾರಣ ಸ್ಪಷ್ಟ. ಆಡೋಕೆ ಬಂದವರು ಹೊಸ ಕಾರ್ಡ್ ಪ್ಯಾಕೆಟ್ ಕೊಳ್ತಾರೆ. ನಮ್ಮ ಇಸ್ಪೀಟ್ ಕಟ್ಟು ಹಾಗಲ್ಲ, ಒಂದು ಸಲ ತಗೊಂಡ್ರೆ ತಿಂಗಳುಗಟ್ಟಲೆ ಬರುತ್ತೆ. ಹಾಗಾಗಿ ಆ ಲೆಕ್ಕ ಇಲ್ಲಿಗೆ ನೇರವಾಗಿ ಕೂರಲ್ಲ. ಇಲ್ಲಿ ಸಿಗೋದು ಬ್ಯಾನರ್‌ನಲ್ಲಿ ಹೆಸರು, ಆ ದಿನ ಕಾಫಿ-ತಿಂಡಿ ವ್ಯಾಪಾರ, ಸುತ್ತಲ ಹಳ್ಳಿ ಜನರ ಓಡಾಟ.

ಆದ್ರೆ ಅಂಗಡಿಯವರಿಗೆ ಇನ್ನೊಂದು ದೊಡ್ಡ ಲಾಭ ಇದೆ, ಅದು ಲೆಕ್ಕದ ಪುಸ್ತಕದಲ್ಲಿ ಬರಲ್ಲ. ಆಟದಲ್ಲಿ ಕಳೆದ ದುಡ್ಡು ಯಾರದ್ದು? ದಿನಸಿ ಅಂಗಡಿಯ ಉದ್ರಿ ಬಾಕಿಯದ್ದು, ಗೊಬ್ಬರದಂಗಡಿಯ ಸಾಲದ್ದು, ಚೀಟಿ ಕಂತಿನದ್ದು. ಮೊಬೈಲ್‌ನಲ್ಲಿ ರಮ್ಮಿ ಆಡಿ ಕೈ ಸುಟ್ಟುಕೊಂಡವರ ಸಂಕಟ ಮೊದಲು ಮನೆಗೆ ತಟ್ಟುತ್ತೆ, ಎರಡನೆಯದಾಗಿ ಅಂಗಡಿಗೆ.

ಹಾಗಾದ್ರೆ ಬರ್ತಾರಾ?

ಆಡೋರಲ್ಲಿ ಮೂರು ಥರ. ಹೊತ್ತು ಕಳೆಯೋಕೆ ಆಡೋರು, ಗೆಲ್ಲೋ ಹಟಕ್ಕೆ ಆಡೋರು, ದುಡ್ಡಿಗೆ ಆಡೋರು. ಮೂರನೆಯವರು ನಗದಿಲ್ಲದ ಟೂರ್ನಿಗೆ ಬರಲ್ಲ. ಅವರಿಗೆ ಟ್ರೋಫಿ ತೋರಿಸಿ ಚಟ ಬಿಡಿಸ್ತೀವಿ ಅಂದ್ರೆ ಆಗೋ ಮಾತಲ್ಲ. ಅವರಿಗೆ ಬೇಕಾದ್ದು ಬೇರೆ ಥರದ ಸಹಾಯ. ಮೊದಲನೆಯವರು ಹತ್ತಿರದಲ್ಲಿದ್ರೆ ಬರ್ತಾರೆ, ದೂರ ಅಂದ್ರೆ ಇಲ್ಲ.

ಎರಡನೆಯವರದ್ದೇ ಮುಖ್ಯ ಪ್ರಶ್ನೆ. ಲೆಕ್ಕದಲ್ಲಿ ಚುರುಕು, ಸೋಲೋಕೆ ಮನಸ್ಸಿಲ್ಲ, ಆದ್ರೆ ಬುದ್ಧಿ ತೋರಿಸೋಕೆ ಊರಲ್ಲಿ ಬೇರೆ ಜಾಗ ಇಲ್ಲ. ಹೀಗಿರೋ ಹುಡುಗರೇ ಮೊದಲು ಹಟಕ್ಕೆ ಆಡಿ ಆಮೇಲೆ ದುಡ್ಡಿಗೆ ಜಾರೋದು. ಆ್ಯಪ್ ನಿಂತಿತು ಅಂತ ಅವರ ಹಟ ನಿಲ್ಲಲ್ಲ. ಒಂದೋ ತೋಪಿಗೆ ಹೋಗ್ತಾರೆ, ಇಲ್ಲ ವಿದೇಶಿ ಸೈಟ್‌ಗೆ. ಅವರಿಗೆ ಮೂರು ಸಿಕ್ಕಿದ್ರೆ ನಗದಿಲ್ಲದೆಯೂ ಬರ್ತಾರೆ ಅಂತ ಬ್ರಿಡ್ಜ್, ಮ್ಯಾಜಿಕ್ ಎರಡೂ ಹೇಳ್ತವೆ: ಅದೃಷ್ಟಕ್ಕಿಂತ ಆಟಕ್ಕೆ ಬೆಲೆ ಕೊಡೋ ನಿಯಮ, ಕಣ್ಣಿಗೆ ಕಾಣೋ ಮುಂದಿನ ಹಂತ, ಮತ್ತು ಅಲ್ಲಿಗೆ ಹೋಗೋ ಖರ್ಚು.

ಮೊದಲನೆಯದು ಯಾರು ಬೇಕಾದ್ರೂ ಮಾಡಬಹುದು. ಎರಡನೆಯದಕ್ಕೆ ತಾಲೂಕು ಕ್ಲಬ್ಬುಗಳು ಒಂದಕ್ಕೊಂದು ಕೈಜೋಡಿಸಬೇಕು, ಇಲ್ಲವೇ ರಮ್ಮಿ ಬಿಟ್ಟು ಬ್ರಿಡ್ಜ್ ಕಲಿಸೋಕೆ ಶುರು ಮಾಡಬೇಕು. ಇಪ್ಪತ್ತೆಂಟು ಗೊತ್ತಿರೋರಿಗೆ ಅದು ತೀರಾ ದೂರದ ಆಟವೂ ಅಲ್ಲ. ಮೂರನೆಯದಕ್ಕೆ ಗಣೇಶೋತ್ಸವದ ಆರ್ಕೆಸ್ಟ್ರಾಗೆ ಕೊಡೋ ಚಂದಾದಲ್ಲಿ ಒಂದು ಪಾಲು ಸಾಕು.

ಜಿಲ್ಲಾ ಮಟ್ಟಕ್ಕೆ ಆಯ್ಕೆಯಾದ ಹುಡುಗನಿಗೆ ಬಸ್ ಚಾರ್ಜು, ಎರಡು ಹೊತ್ತಿನ ಊಟ, ಆ ದಿನದ ಕೂಲಿ ಕೊಡೋರು ಯಾರು ಅಂತ ಮೊದಲು ತೀರ್ಮಾನ ಆಗಲಿ. ಟ್ರೋಫಿ ಎಷ್ಟು ಅಡಿ ಎತ್ತರ ಇರಬೇಕು ಅನ್ನೋದನ್ನು ಆಮೇಲೆ ನೋಡಿದ್ರಾಯ್ತು.